ಕಿವಿ ಕೇಳಿಸದ ಮಗುವಿಗೆ ಯಾವ ಭಾಷೆ?

ಮಕ್ಕಳೇ, ನಿಮಗೆ ಮಾತನಾಡಲು ಕಲಿಸಿದವರು ಯಾರು? "ನಮ್ಮ ಶಿಕ್ಷಕರು" ಎಂದು ನೀವು ಹೇಳಬಹುದು. ಆದರೆ ಒಂದನೆಯ ತರಗತಿಗೆ ಸೇರುವ ಮೊದಲೇ ನೀವು ಚೆನ್ನಾಗಿ ಮಾತನಾಡುತ್ತಿದ್ದಿರಿ. ಶಾಲೆಯಲ್ಲಿ ನೀವು ಕಲಿತದ್ದು ಓದು ಮತ್ತು ಬರಹ. ಮಾತನ್ನು ಯಾರೂ ನಿಮಗೆ ಹಲಗೆಯ ಮೇಲೆ ಬರೆದು ಕಲಿಸಲಿಲ್ಲ. ತೊಟ್ಟಿಲಲ್ಲಿ ಮಲಗಿದ್ದಾಗ ಅಮ್ಮನ ಜೋಗುಳ ಕೇಳಿದಿರಿ. ಅಜ್ಜಿ ಕರೆಯುವುದನ್ನು, ಅಪ್ಪ ನೆರೆಯವರೊಡನೆ ಮಾತನಾಡುವುದನ್ನು ಕೇಳಿದಿರಿ. ಬೀದಿಗೆ ಬಂದಾಗ ತಮಿಳು ಕಿವಿಗೆ ಬಿತ್ತು. ಹೀಗೆ ಸೇಲಂ, ಧರ್ಮಪುರಿ ಜಿಲ್ಲೆಗಳ ಕನ್ನಡ ಮನೆಗಳಲ್ಲಿ ಮಕ್ಕಳು ಕೇಳಿ ಕೇಳಿಯೇ ಎರಡು ಭಾಷೆಗಳನ್ನು ಕಲಿಯುತ್ತಾರೆ.

ಹಾಗಾದರೆ ಹುಟ್ಟಿನಿಂದಲೇ ಕಿವಿ ಕೇಳಿಸದ ಮಗು ಭಾಷೆಯನ್ನು ಹೇಗೆ ಕಲಿಯುತ್ತದೆ? ಆ ಮಗುವಿನ ತಂದೆತಾಯಿ ಅದರೊಡನೆ ಹೇಗೆ ಮಾತನಾಡಬೇಕು? ಇದನ್ನು ಈ ಪಾಠದಲ್ಲಿ ತಿಳಿಯೋಣ.

ಕಿವಿ ಕೆಲಸ ಮಾಡುವ ಬಗೆ

ಶಬ್ದವು ಗಾಳಿಯಲ್ಲಿ ಅಲೆಗಳಾಗಿ ಬಂದು ಕಿವಿಯ ತಮಟೆಯನ್ನು ನಡುಗಿಸುತ್ತದೆ. ಅದರ ಹಿಂದೆ ಮೂರು ಪುಟ್ಟ ಮೂಳೆಗಳಿವೆ. ಅವು ಆ ನಡುಕವನ್ನು ಒಳಗಿವಿಗೆ ಮುಟ್ಟಿಸುತ್ತವೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಒಂದು ಭಾಗವಿದೆ. ಅದಕ್ಕೆ ಕಾಕ್ಲಿಯ ಎಂದು ಹೆಸರು. ಅದರಲ್ಲಿ ಸಾವಿರಾರು ಸೂಕ್ಷ್ಮ ಕೂದಲುಗಳಂಥ ಜೀವಕೋಶಗಳಿವೆ. ಅವು ನಡುಕವನ್ನು ವಿದ್ಯುತ್ ಸಂಕೇತವಾಗಿ ಬದಲಾಯಿಸಿ ನರದ ಮೂಲಕ ಮಿದುಳಿಗೆ ಕಳುಹಿಸುತ್ತವೆ. ಆಗ ನಮಗೆ ಶಬ್ದ ಕೇಳಿಸುತ್ತದೆ.

ಈ ದಾರಿಯಲ್ಲಿ ಎಲ್ಲಿ ತೊಂದರೆಯಾದರೂ ಕೇಳುವ ಶಕ್ತಿ ಕುಂದುತ್ತದೆ. ಕೆಲವರಿಗೆ ಸ್ವಲ್ಪ ಕಡಿಮೆ ಕೇಳಿಸುತ್ತದೆ. ಕೆಲವರಿಗೆ ಏನೂ ಕೇಳಿಸುವುದಿಲ್ಲ. ಶಬ್ದದ ಜೋರನ್ನು ಡೆಸಿಬಲ್ ಎಂಬ ಅಳತೆಯಿಂದ ಅಳೆಯುತ್ತಾರೆ. ನಾವು ಸಾಮಾನ್ಯವಾಗಿ ಮಾತನಾಡುವುದು ಸುಮಾರು 60 ಡೆಸಿಬಲ್. ಎರಡೂ ಕಿವಿಗಳಲ್ಲಿ 70 ಡೆಸಿಬಲ್‌ನಷ್ಟು ಶ್ರವಣನಷ್ಟ ಇರುವವರನ್ನು ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಕಿವುಡರೆಂದು ಗುರುತಿಸುತ್ತದೆ.

ಕಿವಿ ಕೇಳಿಸದವರನ್ನು ಕೆಲವರು "ಮೂಗ" ಎಂದು ಕರೆಯುವುದುಂಟು. ಇದು ತಪ್ಪು. ಬಹುಪಾಲು ಕಿವುಡು ಮಕ್ಕಳ ಗಂಟಲು, ನಾಲಿಗೆ, ತುಟಿ ಎಲ್ಲವೂ ಸರಿಯಾಗಿರುತ್ತವೆ. ಅವರು ಅಳುತ್ತಾರೆ, ನಗುತ್ತಾರೆ, ಕೂಗುತ್ತಾರೆ. ಮಾತು ಕಿವಿಗೆ ಬೀಳದ ಕಾರಣ ಅದನ್ನು ತಾವಾಗಿಯೇ ಕಲಿಯಲು ಆಗುವುದಿಲ್ಲ, ಅಷ್ಟೇ.

ಬೇಗ ತಿಳಿಯುವುದು ಏಕೆ ಮುಖ್ಯ?

ಸೇಲಂ ಸುತ್ತಮುತ್ತ ಕನ್ನಡ ಮಾತನಾಡುವ ನೇಕಾರರ ಮನೆಗಳಿವೆ. ಅಂಥ ಒಂದು ಮನೆಯನ್ನು ನೆನೆಸಿಕೊಳ್ಳಿ. ಮಗ್ಗದ ಪಕ್ಕದಲ್ಲೇ ತೊಟ್ಟಿಲು ಕಟ್ಟಿದ್ದಾರೆ. ಲಾಳಿಯ ಸದ್ದಿಗೆ ಮಗು ಎಚ್ಚರಗೊಳ್ಳುವುದಿಲ್ಲ. "ನಮ್ಮ ಕೂಸಿಗೆ ಮಗ್ಗದ ಸದ್ದು ಅಭ್ಯಾಸವಾಗಿದೆ" ಎಂದು ಮನೆಯವರು ಸಂತೋಷಪಡುತ್ತಾರೆ. ಒಂದೊಂದು ಸಲ ಮಗ್ಗದಿಂದ ನೆಲ ಅದುರಿದಾಗ ಮಗು ಬೆಚ್ಚುತ್ತದೆ. "ನೋಡಿ, ಕಿವಿ ಕೇಳಿಸುತ್ತದೆ" ಎಂದು ಅಜ್ಜಿ ಹೇಳುತ್ತಾರೆ. ಆದರೆ ಮಗುವಿಗೆ ತಿಳಿದದ್ದು ಅದುರು, ಸದ್ದಲ್ಲ. ಹೀಗೆ ಒಂದು ವರ್ಷ, ಎರಡು ವರ್ಷ ಕಳೆದುಹೋಗಬಹುದು. "ಅವರಪ್ಪನೂ ತಡವಾಗಿಯೇ ಮಾತು ಕಲಿತ" ಎಂದು ಯಾರಾದರೂ ಹೇಳಿದರೆ ಇನ್ನೊಂದು ವರ್ಷ ಕಾಯುತ್ತಾರೆ.

ಈ ವರ್ಷಗಳು ಬಹಳ ಬೆಲೆಯುಳ್ಳವು. ಮಗುವಿನ ಮಿದುಳು ಭಾಷೆಯನ್ನು ಅತಿ ಸುಲಭವಾಗಿ ಕಲಿಯುವುದು ಮೊದಲ ಐದಾರು ವರ್ಷಗಳಲ್ಲಿ. ಆ ಕಾಲದಲ್ಲಿ ಯಾವ ಭಾಷೆಯೂ ಸಿಗದಿದ್ದರೆ ಮುಂದೆ ಓದುವುದು, ಬರೆಯುವುದು, ಲೆಕ್ಕ ಮಾಡುವುದು, ಮನಸ್ಸಿನ ಮಾತನ್ನು ಹೇಳುವುದು ಎಲ್ಲವೂ ಕಷ್ಟವಾಗುತ್ತದೆ. ಆದ್ದರಿಂದ ವೈದ್ಯರು ಒಂದು ಲೆಕ್ಕವನ್ನು ಹೇಳುತ್ತಾರೆ. ಹುಟ್ಟಿದ 1 ತಿಂಗಳೊಳಗೆ ಕಿವಿಯ ಮೊದಲ ಪರೀಕ್ಷೆ ಆಗಬೇಕು. ಅನುಮಾನವಿದ್ದರೆ 3 ತಿಂಗಳೊಳಗೆ ದೋಷ ಇದೆಯೋ ಇಲ್ಲವೋ ಖಚಿತವಾಗಬೇಕು. ದೋಷವಿದ್ದರೆ 6 ತಿಂಗಳೊಳಗೆ ಸಹಾಯ ಆರಂಭವಾಗಬೇಕು.

ಎಳೆಯ ಕೂಸಿನ ಕಿವಿಯನ್ನು ಪರೀಕ್ಷಿಸಬಹುದೇ? ಖಂಡಿತ. ಮಗುವಿನ ಕಿವಿಗೆ ಒಂದು ಪುಟ್ಟ ಬಿರಡೆ ಇಟ್ಟು ಮೆಲ್ಲಗೆ ಸದ್ದು ಕೊಡುತ್ತಾರೆ. ಆರೋಗ್ಯವಾದ ಒಳಗಿವಿ ಅತಿ ಸಣ್ಣ ಮರುದನಿಯನ್ನು ಹೊರಗೆ ಕಳುಹಿಸುತ್ತದೆ. ಯಂತ್ರ ಅದನ್ನು ಗುರುತಿಸುತ್ತದೆ. ಇನ್ನೊಂದು ಪರೀಕ್ಷೆಯಲ್ಲಿ ಮಗು ಮಲಗಿರುವಾಗ ತಲೆಗೆ ತಂತಿಗಳನ್ನು ಅಂಟಿಸಿ, ಸದ್ದು ಮಿದುಳಿಗೆ ತಲುಪಿತೇ ಎಂದು ನೋಡುತ್ತಾರೆ. ಎರಡರಲ್ಲೂ ನೋವಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟು ಕಿವುಡುತನವನ್ನು ಗುರುತಿಸುವುದೂ ಸೇರಿದೆ. ಮನೆಯಲ್ಲಿ ತಟ್ಟೆ ಬಡಿದು, ಚಪ್ಪಾಳೆ ತಟ್ಟಿ ನೋಡುವುದನ್ನು ಮಾತ್ರ ನಂಬಬಾರದು.

ಮಗುವಿಗೆ ಕಿವಿ ಕೇಳಿಸುವುದಿಲ್ಲ ಎಂದು ತಿಳಿದ ದಿನ ತಂದೆತಾಯಿಗೆ ತುಂಬಾ ದುಃಖವಾಗುತ್ತದೆ. ಕಿವುಡು ಮಕ್ಕಳಲ್ಲಿ ಬಹುಪಾಲು ಮಕ್ಕಳ ತಂದೆತಾಯಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ಅವರು ಅದುವರೆಗೆ ಕಿವುಡರೊಡನೆ ಮಾತನಾಡಿದವರೇ ಅಲ್ಲದಿರಬಹುದು. ಆದರೂ ಅವರು ಬೇಗನೆ ಒಂದು ನಿರ್ಧಾರಕ್ಕೆ ಬರಬೇಕಾಗುತ್ತದೆ. ಅವರ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯ ದಾರಿ: ಕೇಳಿ ಮಾತನಾಡುವುದು

ಮಗುವಿಗೆ ಉಳಿದಿರುವ ಕೇಳುವ ಶಕ್ತಿಯನ್ನು ಬಳಸಿಕೊಂಡು ಮಾತನ್ನು ಕಲಿಸುವುದು ಮೊದಲನೆಯ ದಾರಿ. ಇದಕ್ಕೆ ಶ್ರವಣಯಂತ್ರ ಬೇಕು. ಅದು ಶಬ್ದವನ್ನು ದೊಡ್ಡದು ಮಾಡಿ ಕಿವಿಗೆ ಕೊಡುತ್ತದೆ. ಒಳಗಿವಿಯೇ ಕೆಲಸ ಮಾಡದ ಮಕ್ಕಳಿಗೆ ಶ್ರವಣಯಂತ್ರ ಸಾಲುವುದಿಲ್ಲ. ಅಂಥ ಕೆಲವರಿಗೆ ಶಸ್ತ್ರಚಿಕಿತ್ಸೆ ಮಾಡಿ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಉಪಕರಣವನ್ನು ಅಳವಡಿಸುತ್ತಾರೆ. ಅದರ ಒಂದು ಭಾಗ ಕಿವಿಯ ಹಿಂದೆ ಹೊರಗಿರುತ್ತದೆ. ಇನ್ನೊಂದು ಭಾಗ ಚರ್ಮದ ಒಳಗಿರುತ್ತದೆ. ಅದರ ಸಣ್ಣ ತಂತಿ ಕಾಕ್ಲಿಯದೊಳಗೆ ಹೋಗಿ ನರಕ್ಕೆ ನೇರವಾಗಿ ವಿದ್ಯುತ್ ಸಂಕೇತ ಕೊಡುತ್ತದೆ.

ಈ ಚಿಕಿತ್ಸೆಗೆ ಹಲವು ಲಕ್ಷ ರೂಪಾಯಿ ಬೇಕು. ತಮಿಳುನಾಡಿನಲ್ಲಿ ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮಾ ಯೋಜನೆಯಡಿ ಆರು ವರ್ಷದೊಳಗಿನ ಅರ್ಹ ಮಕ್ಕಳಿಗೆ ಇದನ್ನು ಉಚಿತವಾಗಿ ಮಾಡುತ್ತಾರೆ. ಆದರೆ ಉಪಕರಣ ಹಾಕಿದ ಮರುದಿನವೇ ಮಗು ಮಾತನಾಡುವುದಿಲ್ಲ. ಅದಕ್ಕೆ ಎಲ್ಲ ಸದ್ದೂ ಹೊಸದು. ಇದು ಕಾಗೆಯ ಕೂಗು, ಇದು ಬಾಗಿಲ ಸದ್ದು, ಇದು ನನ್ನ ಹೆಸರು ಎಂದು ಒಂದೊಂದನ್ನೂ ಗುರುತಿಸಲು ಕಲಿಯಬೇಕು. ವಾಕ್ ಶ್ರವಣ ತಜ್ಞರ ಬಳಿ ವಾರವಾರವೂ ಹೋಗಬೇಕು. ಮನೆಯಲ್ಲಿ ದಿನವಿಡೀ ಅಭ್ಯಾಸ ಮಾಡಿಸಬೇಕು. ಬ್ಯಾಟರಿ ಮುಗಿದಾಗ, ಉಪಕರಣವನ್ನು ತೆಗೆದಿಟ್ಟು ಮಲಗಿದಾಗ ಮಗುವಿಗೆ ಏನೂ ಕೇಳಿಸುವುದಿಲ್ಲ.

ಚೆನ್ನೈಯಲ್ಲಿ 1969ರಲ್ಲಿ ಆರಂಭವಾದ ಬಾಲ ವಿದ್ಯಾಲಯ ಎಂಬ ಶಾಲೆ ಈ ದಾರಿಯಲ್ಲಿ ಹೆಸರು ಪಡೆದಿದೆ. ಅಲ್ಲಿ ತೀರ ಎಳೆಯ ಮಕ್ಕಳಿಗೆ ಶ್ರವಣಯಂತ್ರ ಹಾಕಿ ಮಾತು ಕಲಿಸಿ, ಆಮೇಲೆ ಸಾಮಾನ್ಯ ಶಾಲೆಗಳಿಗೆ ಸೇರಿಸುತ್ತಾರೆ.

ತುಟಿಯ ಚಲನೆಯನ್ನು ನೋಡಿ ಮಾತನ್ನು ತಿಳಿಯುವುದೂ ಇದೆ. ಅದು ಎಷ್ಟು ಕಷ್ಟ ಎಂದು ನೀವೇ ಪರೀಕ್ಷಿಸಿ. ಗೆಳೆಯನ ಎದುರು ನಿಂತು, ದನಿ ಹೊರಡಿಸದೆ, "ಮರ", "ಬರ", "ಪರ" ಎಂಬ ಪದಗಳನ್ನು ಹೇಳಿ. ಯಾವುದನ್ನು ಹೇಳಿದಿರಿ ಎಂದು ಅವನಿಗೆ ತಿಳಿಯುವುದಿಲ್ಲ. ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚಿ ತೆರೆಯುತ್ತದೆ. ಕ, ಗ ಅಕ್ಷರಗಳು ಬಾಯಿಯ ಹಿಂಭಾಗದಲ್ಲಿ ಹುಟ್ಟುವುದರಿಂದ ಹೊರಗೆ ಕಾಣುವುದೇ ಇಲ್ಲ. ಆದ್ದರಿಂದ ತುಟಿ ನೋಡುವುದು ಸಹಾಯ ಮಾಡುತ್ತದೆಯೇ ಹೊರತು ಅದೊಂದೇ ಸಾಲದು.

ಎರಡನೆಯ ದಾರಿ: ಸಂಜ್ಞಾಭಾಷೆ

ಕೈ, ಮುಖ ಮತ್ತು ಮೈಯ ಚಲನೆಯಿಂದ ಮಾತನಾಡುವ ಭಾಷೆಯೇ ಸಂಜ್ಞಾಭಾಷೆ. ನಾವು "ಬಾ", "ಹೋಗು" ಎಂದು ಮಾಡುವ ಕೈಸನ್ನೆಗಿಂತ ಇದು ಬೇರೆ. ಇದರಲ್ಲಿ ಸಾವಿರಾರು ಪದಗಳಿವೆ, ವ್ಯಾಕರಣವಿದೆ. ಕಥೆ ಹೇಳಬಹುದು, ಜಗಳವಾಡಬಹುದು, ವಿಜ್ಞಾನವನ್ನೂ ಕಲಿಸಬಹುದು. ಭಾರತೀಯ ಸಂಜ್ಞಾಭಾಷೆಯಲ್ಲಿ "ಏನು", "ಎಲ್ಲಿ" ಎಂಬ ಪ್ರಶ್ನೆಯ ಪದ ವಾಕ್ಯದ ಕೊನೆಗೆ ಬರುತ್ತದೆ. "ನೀನು ಎಲ್ಲಿಗೆ ಹೋಗುತ್ತೀಯೆ?" ಎಂಬುದನ್ನು "ನೀನು, ಹೋಗು, ಎಲ್ಲಿ" ಎಂಬ ಕ್ರಮದಲ್ಲಿ ಕೈಯಿಂದ ಹೇಳುತ್ತಾರೆ. ಹೌದೋ ಅಲ್ಲವೋ ಎಂದು ಕೇಳುವಾಗ ಹುಬ್ಬನ್ನು ಮೇಲಕ್ಕೆತ್ತುತ್ತಾರೆ. ಅಂದರೆ ಇಲ್ಲಿ ಮುಖವೂ ವ್ಯಾಕರಣದ ಕೆಲಸ ಮಾಡುತ್ತದೆ.

ಈ ದಾರಿಯಲ್ಲಿ ಮಗು ಯಂತ್ರಕ್ಕಾಗಿ ಕಾಯಬೇಕಾಗಿಲ್ಲ. ಕಣ್ಣು ಕಂಡರೆ ಸಾಕು, ಎಳೆಯ ಕೂಸೂ ಕಲಿಯತೊಡಗುತ್ತದೆ. ಆದರೆ ಒಂದು ಕಷ್ಟವಿದೆ. ಮನೆಯವರು, ನೆರೆಯವರು, ಗೆಳೆಯರು ಆ ಭಾಷೆಯನ್ನು ಕಲಿಯದಿದ್ದರೆ ಮಗು ಯಾರೊಡನೆ ಮಾತನಾಡಬೇಕು?

ಕರ್ನಾಟಕದ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನಲ್ಲಿ ಅಲೀಪುರ ಎಂಬ ಊರಿದೆ. ಅಲ್ಲಿ ನೂರಕ್ಕೂ ಹೆಚ್ಚು ಕಿವುಡರಿದ್ದಾರೆ. ಅವರು ತಮ್ಮದೇ ಆದ ಸಂಜ್ಞಾಭಾಷೆಯನ್ನು ಬೆಳೆಸಿಕೊಂಡಿದ್ದಾರೆ. ಕಿವಿ ಕೇಳಿಸುವ ಬಂಧುಗಳು, ನೆರೆಹೊರೆಯವರು ಕೂಡ ಅದರಲ್ಲಿ ಅವರೊಡನೆ ಮಾತನಾಡುತ್ತಾರೆ. ಭಾಷಾ ವಿದ್ವಾಂಸರು ಆ ಊರಿಗೆ ಹೋಗಿ ಅದನ್ನು ಅಧ್ಯಯನ ಮಾಡಿದ್ದಾರೆ. ಸುತ್ತಲಿನವರೂ ಕಲಿತರೆ ಕಿವುಡುತನ ದೊಡ್ಡ ಗೋಡೆಯಾಗುವುದಿಲ್ಲ ಎಂಬುದಕ್ಕೆ ಅಲೀಪುರ ಒಂದು ಉದಾಹರಣೆ.

ಒಂದು ಹಳೆಯ ವಾದ

ಈ ಎರಡು ದಾರಿಗಳಲ್ಲಿ ಯಾವುದು ಸರಿ ಎಂಬ ವಾದ ಇಂದಿನದಲ್ಲ. ಸುಮಾರು 250 ವರ್ಷಗಳ ಹಿಂದೆಯೇ ಫ್ರಾನ್ಸಿನ ಪ್ಯಾರಿಸ್ಸಿನಲ್ಲಿ ಒಂದು ಶಾಲೆ ಸಂಜ್ಞೆಗಳಿಂದ ಪಾಠ ಹೇಳುತ್ತಿತ್ತು. ಜರ್ಮನಿಯ ಲೈಪ್‌ಜಿಗ್‌ನಲ್ಲಿ 1778ರಲ್ಲಿ ಆರಂಭವಾದ ಶಾಲೆ ಬಾಯಿಮಾತನ್ನೇ ಕಲಿಸುತ್ತಿತ್ತು. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಿವುಡರ ಶಿಕ್ಷಕರ ಸಮ್ಮೇಳನ ನಡೆಯಿತು. ಶಾಲೆಗಳಲ್ಲಿ ಬಾಯಿಮಾತೇ ಇರಬೇಕು, ಸಂಜ್ಞೆ ಬೇಡ ಎಂದು ಅಲ್ಲಿ ತೀರ್ಮಾನಿಸಿದರು. ಅಲ್ಲಿ ಸೇರಿದ್ದವರಲ್ಲಿ ಹೆಚ್ಚಿನವರು ಕಿವಿ ಕೇಳಿಸುವವರೇ. ಆಮೇಲೆ ಅನೇಕ ದೇಶಗಳ ಶಾಲೆಗಳಲ್ಲಿ ಮಕ್ಕಳು ಕೈಯಿಂದ ಮಾತನಾಡಿದರೆ ಶಿಕ್ಷೆ ಕೊಡುತ್ತಿದ್ದರು.

1960ರಲ್ಲಿ ವಿಲಿಯಂ ಸ್ಟೋಕಿ ಎಂಬ ಅಮೆರಿಕದ ವಿದ್ವಾಂಸರು ಸಂಜ್ಞಾಭಾಷೆಯೂ ಪೂರ್ಣವಾದ ಭಾಷೆಯೇ ಎಂದು ತೋರಿಸಿದರು. 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಅದೇ ಸರಣಿಯ ಸಮ್ಮೇಳನ ನಡೆದಾಗ, ಮಿಲಾನ್ ತೀರ್ಮಾನದಿಂದ ಆದ ಹಾನಿಗೆ ವಿಷಾದ ಸೂಚಿಸಲಾಯಿತು. ನಮ್ಮ ದೇಶದಲ್ಲಿ 2015ರಲ್ಲಿ ಭಾರತೀಯ ಸಂಜ್ಞಾಭಾಷೆಗೆ ದೆಹಲಿಯಲ್ಲಿ ಒಂದು ಕೇಂದ್ರ ಸ್ಥಾಪನೆಯಾಯಿತು. ಅದು 2018ರಲ್ಲಿ 3,000 ಪದಗಳ ನಿಘಂಟನ್ನು ಹೊರತಂದಿತು. 2021ರ ಹೊತ್ತಿಗೆ ಅದರಲ್ಲಿ 10,000 ಪದಗಳಾದವು. ಪ್ರತಿ ವರ್ಷ ಸೆಪ್ಟೆಂಬರ್ 23ನ್ನು ಅಂತರರಾಷ್ಟ್ರೀಯ ಸಂಜ್ಞಾಭಾಷೆಗಳ ದಿನವಾಗಿ ಆಚರಿಸುತ್ತಾರೆ.

ಮೂರನೆಯ ದಾರಿ: ಎರಡೂ ಸೇರಿ

ಅನೇಕ ಕುಟುಂಬಗಳು ಮಾತನ್ನೂ ಸಂಜ್ಞೆಯನ್ನೂ ಜೊತೆಯಾಗಿ ಬಳಸುತ್ತವೆ. ಮಗು ಶ್ರವಣಯಂತ್ರ ಹಾಕಿಕೊಳ್ಳುತ್ತದೆ, ಕೈಯಿಂದಲೂ ಮಾತನಾಡುತ್ತದೆ, ಚಿತ್ರ ಮತ್ತು ಬರಹದಿಂದಲೂ ಕಲಿಯುತ್ತದೆ. "ಸಂಜ್ಞೆ ಕಲಿತರೆ ಮಗು ಮಾತು ಕಲಿಯುವುದಿಲ್ಲ" ಎಂದು ಹೆದರುವವರಿದ್ದಾರೆ. ಮಾತಿನ ಅಭ್ಯಾಸಕ್ಕೆ ಸಿಗುವ ಸಮಯ ಕಡಿಮೆಯಾದೀತು ಎಂಬುದು ಅವರ ಯೋಚನೆ. "ಮಾತು ಬರುವವರೆಗೆ ಮಗುವಿಗೆ ಸಂಜ್ಞೆಯಾದರೂ ಇರಲಿ" ಎನ್ನುವವರೂ ಇದ್ದಾರೆ. ಶಸ್ತ್ರಚಿಕಿತ್ಸೆಯ ಫಲ ಎಲ್ಲ ಮಕ್ಕಳಿಗೂ ಒಂದೇ ರೀತಿ ಇರುವುದಿಲ್ಲ. ಯಾವ ಮಗುವಿಗೆ ಎಷ್ಟು ಮಾತು ಬರುತ್ತದೆ ಎಂದು ಮೊದಲೇ ಹೇಳಲಾಗುವುದಿಲ್ಲ. ಆದ್ದರಿಂದ ಎರಡನ್ನೂ ಕೊಡುವುದು ಕ್ಷೇಮ ಎಂದು ಅವರು ಹೇಳುತ್ತಾರೆ. ತಜ್ಞರಲ್ಲೂ ಈ ವಿಷಯದಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ.

ಕನ್ನಡವೋ ತಮಿಳೋ?

ನಮ್ಮ ಜಿಲ್ಲೆಗಳ ಕನ್ನಡ ಮನೆಗಳಿಗೆ ಇನ್ನೊಂದು ಪ್ರಶ್ನೆಯೂ ಇದೆ. ಅಮ್ಮ ಅಪ್ಪ ಕನ್ನಡ ಮಾತನಾಡುತ್ತಾರೆ. ತರಬೇತಿ ಕೇಂದ್ರದಲ್ಲಿ ತಮಿಳು. ಧರ್ಮಪುರಿ, ಸೇಲಂಗಳಲ್ಲಿ ಶ್ರವಣದೋಷವುಳ್ಳ ಮಕ್ಕಳಿಗಾಗಿಯೇ ಇರುವ ಸರ್ಕಾರಿ ಶಾಲೆಗಳಲ್ಲೂ ಪಾಠ ನಡೆಯುವುದು ತಮಿಳಿನಲ್ಲಿ. "ಮಗುವಿಗೆ ಗೊಂದಲವಾಗುತ್ತದೆ, ಮನೆಯಲ್ಲಿ ಕನ್ನಡ ಬಿಟ್ಟುಬಿಡಿ" ಎಂದು ಕೆಲವರು ಸಲಹೆ ಕೊಡುತ್ತಾರೆ.

ಆದರೆ ಯೋಚಿಸಿ ನೋಡಿ. ತಡವರಿಸುತ್ತಾ ತಮಿಳು ಮಾತನಾಡುವ ತಾಯಿ ಮಗುವಿಗೆ ಎಷ್ಟು ಮಾತು ಕೊಡಬಲ್ಲಳು? ಅಡುಗೆ ಮಾಡುವಾಗ, ಸ್ನಾನ ಮಾಡಿಸುವಾಗ, ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡು ಕೋಳಿ ತೋರಿಸುವಾಗ ಸಹಜವಾಗಿ ಬಾಯಿಗೆ ಬರುವುದು ಮನೆಮಾತು. ತಂದೆತಾಯಿ ತಮಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಮಗುವಿನೊಡನೆ ಮಾತನಾಡಬೇಕು ಎಂದು ಇಂದಿನ ತಜ್ಞರು ಹೇಳುತ್ತಾರೆ. ಒಂದು ಭಾಷೆ ಗಟ್ಟಿಯಾದರೆ ಎರಡನೆಯದನ್ನು ಕಲಿಯುವುದು ಸುಲಭ. ಚಿಕ್ಕಂದಿನಲ್ಲೇ ಉಪಕರಣ ಪಡೆದ ಎಷ್ಟೋ ಮಕ್ಕಳು ಎರಡು ಭಾಷೆಗಳನ್ನು ಕಲಿತಿದ್ದಾರೆ. ಮನೆಯಲ್ಲಿ ತಮಿಳೂ ಚೆನ್ನಾಗಿ ಬರುವುದಾದರೆ ಮುಂದಿನ ಶಾಲೆಯನ್ನು ನೆನೆದು ಅದನ್ನೇ ಆರಿಸಿಕೊಳ್ಳುವವರೂ ಇದ್ದಾರೆ. ಅದೂ ತಪ್ಪಲ್ಲ.

ಕನ್ನಡದಲ್ಲಿ ತರಬೇತಿ ಬೇಕೆನ್ನುವವರಿಗೆ ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅದೇ ಊರಿನಲ್ಲಿ ಕಿವುಡು ಮಕ್ಕಳ ಪೋಷಕರ ಸಂಘವೊಂದು ಶಾಲೆ ನಡೆಸುತ್ತದೆ. ಅಲ್ಲಿ ತಾಯಂದಿರೂ ಮಕ್ಕಳ ಜೊತೆ ತರಗತಿಯಲ್ಲಿ ಕುಳಿತು ಕಲಿಯುತ್ತಾರೆ. ಮಗುವಿನ ಮೊದಲ ಶಿಕ್ಷಕಿ ತಾಯಿಯೇ ಎಂಬುದು ಆ ಶಾಲೆಯ ನಂಬಿಕೆ. ಆದರೆ ಊರು ಬಿಟ್ಟು, ಕೂಲಿ ಬಿಟ್ಟು, ದೂರ ಹೋಗಿ ಇರುವುದು ಎಲ್ಲ ತಾಯಂದಿರಿಗೂ ಸಾಧ್ಯವಾಗುವುದಿಲ್ಲ. ಹತ್ತಿರದ ಕೇಂದ್ರಕ್ಕೆ ಹೋಗಿ, ಅಲ್ಲಿ ತಮಿಳಿನಲ್ಲಿ ಕಲಿತ ಅಭ್ಯಾಸವನ್ನು ಮನೆಯಲ್ಲಿ ಕನ್ನಡದಲ್ಲಿ ಮಾಡಿಸಬಹುದು.

ಹೆತ್ತವರು ಹೇಗೆ ನಿರ್ಧರಿಸುತ್ತಾರೆ?

ಎರಡು ಮನೆಗಳಿವೆ ಎಂದು ಭಾವಿಸೋಣ. ಒಂದು ಮನೆ ಸೇಲಂ ಪೇಟೆಯಲ್ಲಿದೆ. ಮಗುವಿಗೆ ಒಂದು ವರ್ಷ. ಆಸ್ಪತ್ರೆ ಹತ್ತಿರ. ವಾರಕ್ಕೆ ಎರಡು ಸಲ ತರಬೇತಿಗೆ ಹೋಗಲು ಅತ್ತೆಯೋ ಅಮ್ಮನೋ ಇದ್ದಾರೆ. ಒಳಗಿವಿಯ ನರವೂ ಚೆನ್ನಾಗಿದೆ. ಆ ಮನೆಯವರು ಶಸ್ತ್ರಚಿಕಿತ್ಸೆ ಮಾಡಿಸಿ ಮಾತಿನ ದಾರಿಯನ್ನು ಹಿಡಿಯುತ್ತಾರೆ.

ಇನ್ನೊಂದು ಮನೆ ಧರ್ಮಪುರಿ ಜಿಲ್ಲೆಯ ಪೆನ್ನಾಗರದ ಆಚೆಯ ಹಳ್ಳಿಯಲ್ಲಿದೆ. ದೋಷ ತಿಳಿದಾಗ ಮಗುವಿಗೆ ಏಳು ವರ್ಷ ತುಂಬಿತ್ತು. ಆಗ ಮಾತನ್ನು ಮಾತ್ರ ನಂಬಿದರೆ ಇನ್ನಷ್ಟು ವರ್ಷ ಕಳೆದುಹೋಗುತ್ತದೆ. ಆ ಮನೆಯವರು ಮಗುವನ್ನು ಕಿವುಡು ಮಕ್ಕಳ ಶಾಲೆಗೆ ಸೇರಿಸುತ್ತಾರೆ. ಅಲ್ಲಿ ಅದಕ್ಕೆ ಗೆಳೆಯರು ಸಿಗುತ್ತಾರೆ, ಸಂಜ್ಞಾಭಾಷೆ ಸಿಗುತ್ತದೆ. ರಜೆಗೆ ಬಂದಾಗ ಅಪ್ಪ, ಅಕ್ಕ, ತಾತ ಎಲ್ಲರೂ ಮಗುವಿನಿಂದಲೇ ಸಂಜ್ಞೆ ಕಲಿಯುತ್ತಾರೆ.

ಇವರಲ್ಲಿ ಯಾರು ಸರಿ? ಇಬ್ಬರೂ ಸರಿ. ಮಗುವಿನ ವಯಸ್ಸು, ಉಳಿದಿರುವ ಕೇಳುವ ಶಕ್ತಿ, ತರಬೇತಿ ಸಿಗುವ ದೂರ, ಮನೆಯವರ ಸಮಯ, ಮನೆಮಾತು ಇವೆಲ್ಲವನ್ನೂ ಅವರು ನೋಡಿದರು. ತಜ್ಞರನ್ನು ಕೇಳುವಂತೆಯೇ, ದೊಡ್ಡವರಾಗಿರುವ ಕಿವುಡರನ್ನೂ ಭೇಟಿಮಾಡಿ ಕೇಳುವುದು ಒಳ್ಳೆಯದು. ಆ ಜೀವನವನ್ನು ಬಾಳಿದವರು ಅವರೇ. ಒಮ್ಮೆ ಆರಿಸಿದ ದಾರಿ ಕೊನೆಯದೂ ಅಲ್ಲ. ಆರು ತಿಂಗಳಿಗೊಮ್ಮೆ ಮಗು ಎಷ್ಟು ಹೊಸ ಪದ ಕಲಿತಿದೆ ಎಂದು ನೋಡಬೇಕು. ಕಲಿಕೆ ನಿಂತಿದ್ದರೆ ದಾರಿಯನ್ನು ಬದಲಿಸಬಹುದು, ಇನ್ನೊಂದನ್ನು ಸೇರಿಸಿಕೊಳ್ಳಬಹುದು.

ತಪ್ಪು ಒಂದೇ. ಯಾವುದನ್ನೂ ಆರಿಸದೆ ಕಾಯುವುದು. ಊಟಕ್ಕೆ ಕರೆಯಲು, ಮಲಗಿಸಲು ಮಾತ್ರ ಎರಡು ಕೈಸನ್ನೆ ಮಾಡಿ ಸುಮ್ಮನಿದ್ದುಬಿಟ್ಟರೆ, ಮಗುವಿನ ಬುದ್ಧಿ ಹಸಿದೇ ಉಳಿಯುತ್ತದೆ. "ಅಪ್ಪ ಎಲ್ಲಿಗೆ ಹೋದರು?", "ಮಳೆ ಏಕೆ ಬರುತ್ತದೆ?" ಎಂದು ಕೇಳಲು ಅದಕ್ಕೂ ಆಸೆಯಿರುತ್ತದೆ. ಕೇಳಲು ಒಂದು ಭಾಷೆ ಬೇಕು. ಆ ಭಾಷೆಯಲ್ಲಿ ಉತ್ತರ ಹೇಳುವವರು ಮನೆಯಲ್ಲಿ ಬೇಕು.

ನಾವು ಏನು ಮಾಡಬಹುದು?

ನಿಮ್ಮ ತರಗತಿಯಲ್ಲಿ, ಬೀದಿಯಲ್ಲಿ ಕಿವಿ ಕೇಳಿಸದ ಗೆಳೆಯರಿರಬಹುದು. ಅವರೊಡನೆ ಮಾತನಾಡುವಾಗ ಎದುರಿಗೆ ಬೆಳಕಿನಲ್ಲಿ ನಿಲ್ಲಿರಿ. ಕರೆಯಲು ಭುಜವನ್ನು ಮೆಲ್ಲಗೆ ತಟ್ಟಿರಿ. ಕಿರುಚಬೇಡಿ, ಕಿರುಚಿದರೆ ತುಟಿಯ ಆಕಾರ ಕೆಡುತ್ತದೆ. ಎಲ್ಲರೂ ಒಟ್ಟಿಗೆ ಮಾತನಾಡದೆ ಒಬ್ಬೊಬ್ಬರಾಗಿ ಮಾತನಾಡಿರಿ. ತಿಳಿಯದಿದ್ದರೆ ಬರೆದು ತೋರಿಸಿರಿ. ಅವರ ಶ್ರವಣಯಂತ್ರವನ್ನು ಎಳೆದು ಆಟವಾಡಬೇಡಿ. ಆಟದಲ್ಲಿ ಸೀಟಿಯ ಬದಲು ಕೈ ಎತ್ತಿ ಸೂಚನೆ ಕೊಡಿರಿ. ಅವರಿಂದ ದಿನಕ್ಕೊಂದು ಸಂಜ್ಞೆ ಕಲಿಯಿರಿ. ನೆರೆಮನೆಯ ಕೂಸು ಕರೆದರೆ ತಿರುಗಿ ನೋಡುತ್ತಿಲ್ಲ ಎಂದು ಕಂಡರೆ ಮನೆಯ ಹಿರಿಯರಿಗೆ ತಿಳಿಸಿರಿ. ಅಂಗನವಾಡಿಯಲ್ಲಿ ಅಥವಾ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿದರೆ ಪರೀಕ್ಷೆ ಎಲ್ಲಿ ನಡೆಯುತ್ತದೆ ಎಂದು ಹೇಳುತ್ತಾರೆ.

ಮಾತಿನಿಂದಾಗಲಿ, ಸಂಜ್ಞೆಯಿಂದಾಗಲಿ, ಎರಡರಿಂದಾಗಲಿ, ಪ್ರತಿ ಮಗುವಿಗೂ ಒಂದು ಭಾಷೆ ಬೇಗ ಸಿಗಬೇಕು. ಅದನ್ನು ಕೊಡುವ ಕೆಲಸ ತಾಯಿಯೊಬ್ಬಳದಲ್ಲ, ಇಡೀ ಮನೆಯದು, ನಮ್ಮೆಲ್ಲರದು.

ಅಭ್ಯಾಸ

ಅ) ಪದಗಳ ಅರ್ಥ
ಶ್ರವಣ – ಕೇಳುವುದು
ವಾಕ್ – ಮಾತು
ಸಂಜ್ಞೆ – ಅರ್ಥವುಳ್ಳ ಕೈಗುರುತು
ನಿಘಂಟು – ಪದಗಳ ಅರ್ಥ ಹೇಳುವ ಪುಸ್ತಕ
ವಿಷಾದ – ದುಃಖ
ಲಾಳಿ – ನೇಯುವಾಗ ಮಗ್ಗದಲ್ಲಿ ಅತ್ತಿತ್ತ ಓಡುವ ಸಾಧನ

ಆ) ಉತ್ತರಿಸಿರಿ
1. ಕಿವುಡರನ್ನು "ಮೂಗ" ಎಂದು ಕರೆಯುವುದು ಏಕೆ ತಪ್ಪು?
2. ಮಗ್ಗದ ಮನೆಯಲ್ಲಿ ಮಗುವಿನ ಕಿವುಡುತನ ತಡವಾಗಿ ತಿಳಿಯಲು ಕಾರಣವೇನು?
3. ಅಲೀಪುರದ ವಿಶೇಷವೇನು?
4. ತಂದೆತಾಯಿ ಮಗುವಿನೊಡನೆ ಯಾವ ಭಾಷೆಯಲ್ಲಿ ಮಾತನಾಡುವುದು ಒಳ್ಳೆಯದು? ಏಕೆ?

ಇ) ಮಾಡಿ ನೋಡಿರಿ
"ಮರ, ಬರ, ಪರ" ಎಂಬಂತೆ ತುಟಿಯ ಮೇಲೆ ಒಂದೇ ರೀತಿ ಕಾಣುವ ಇನ್ನಷ್ಟು ಪದಗಳನ್ನು ಹುಡುಕಿ ಪಟ್ಟಿ ಮಾಡಿರಿ.